ಬೇಗ ಬೇಗ ಕ್ಲಿಕ್ ಮಾಡಿದರೆ ಗೇಮ್‌ನಲ್ಲಿ ಜಾಸ್ತಿ ಏಟು ಬೀಳುತ್ತದೆಯೇ?

ಸೆಕೆಂಡಿಗೆ 15 ಸಲ ಕ್ಲಿಕ್ ಮಾಡುವುದನ್ನು ಕಲಿತರೆ ಆನ್‌ಲೈನ್ ಕತ್ತಿ ಕಾಳಗದಲ್ಲಿ ಯಾರನ್ನಾದರೂ ಸೋಲಿಸಬಹುದು ಎನ್ನುವ ವಿಡಿಯೋಗಳು ಗೇಮ್ ಆಡುವ ಹುಡುಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಅವುಗಳ ಬೆನ್ನಿಗೇ ‘ಆಟೋ ಕ್ಲಿಕ್ಕರ್’ ಎಂಬ ಆ್ಯಪ್‌ನ ಲಿಂಕ್ ಕೂಡ ಬರುತ್ತದೆ. ಬೆರಳಿನ ಕೆಲಸವನ್ನು ಆ್ಯಪ್ ಮಾಡಿಕೊಡುತ್ತದಂತೆ.

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಬಹುಪಾಲು ತಪ್ಪು ತಿಳಿವಳಿಕೆ ಇದೆ. ಎಷ್ಟು ನಿಜ ಎಂದು ನೋಡಲು ಮೈನ್‌ಕ್ರಾಫ್ಟ್ ಒಳ್ಳೆಯ ಉದಾಹರಣೆ. 2023ರ ಹೊತ್ತಿಗೆ 30 ಕೋಟಿ ಪ್ರತಿಗಳು ಮಾರಾಟವಾಗಿದ್ದ ಆಟ ಇದು. ಆದರೂ ಕತ್ತಿ ಎಷ್ಟು ವೇಗವಾಗಿ ಬೀಸಬೇಕು ಎಂಬ ಒಂದೇ ಒಂದು ವಿಷಯದಲ್ಲಿ ಇದರ ಆಟಗಾರರು ಇವತ್ತಿಗೂ ಎರಡು ಬಣ.

ಏಟನ್ನು ಲೆಕ್ಕ ಹಾಕುವವರು ಯಾರು?

ನಿಮ್ಮ ಮೌಸ್ ಅಥವಾ ಮೊಬೈಲ್ ಅಲ್ಲ, ಸರ್ವರ್. ನೀವು ಕ್ಲಿಕ್ ಮಾಡಿದಾಗ ‘ಹೊಡೆಯಲು ಬಯಸಿದ್ದೇನೆ’ ಎಂಬ ಅರ್ಜಿ ಮಾತ್ರ ಸರ್ವರ್‌ಗೆ ಹೋಗುತ್ತದೆ. ಅದನ್ನು ಒಪ್ಪುವುದೋ ಬಿಡುವುದೋ ಸರ್ವರ್‌ಗೆ ಬಿಟ್ಟದ್ದು. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸಲ ಲೆಕ್ಕ ಹಾಕುತ್ತದೆ, ಅಂದರೆ 50 ಮಿಲಿಸೆಕೆಂಡಿಗೆ ಒಮ್ಮೆ. ಈ ಒಂದೊಂದು ಮಿಡಿತಕ್ಕೂ ‘ಟಿಕ್’ ಎಂದು ಹೆಸರು.

ಇಲ್ಲಿ ಒಂದು ನಿಯಮವಿದೆ. ಒಬ್ಬರಿಗೆ ಏಟು ಬಿದ್ದ ಮೇಲೆ 10 ಟಿಕ್‌ಗಳ ಕಾಲ, ಅಂದರೆ ಅರ್ಧ ಸೆಕೆಂಡ್, ಅಷ್ಟೇ ಬಲದ ಇನ್ನೊಂದು ಏಟು ಅವರಿಗೆ ತಾಗುವುದಿಲ್ಲ. ನೀವು ಸೆಕೆಂಡಿಗೆ 5 ಸಲ ಒತ್ತಿ, 15 ಸಲ ಒತ್ತಿ, ಒಬ್ಬ ಎದುರಾಳಿಗೆ ಬೀಳುವುದು ಸೆಕೆಂಡಿಗೆ ಹೆಚ್ಚೆಂದರೆ ಎರಡು ಏಟು. ಉಳಿದ 13 ಕ್ಲಿಕ್ ಗಾಳಿಗೆ.

ಹಾಗಾದರೆ ವೇಗದ ಬೆರಳಿನವರು ಗೆಲ್ಲುವುದನ್ನು ಎಷ್ಟೋ ಜನ ಕಣ್ಣಾರೆ ಕಂಡಿದ್ದಾರಲ್ಲ? ಅದೂ ಸುಳ್ಳಲ್ಲ. ಆ ಅರ್ಧ ಸೆಕೆಂಡಿನ ಬೀಗ ತೆರೆದ ಕ್ಷಣ, ಸೆಕೆಂಡಿಗೆ 15 ಸಲ ಒತ್ತುವವರ ಕ್ಲಿಕ್ 0.07 ಸೆಕೆಂಡಿನೊಳಗೆ ಅಲ್ಲಿರುತ್ತದೆ. 5 ಸಲ ಒತ್ತುವವರದು 0.2 ಸೆಕೆಂಡ್ ತಡವಾಗಬಹುದು. ಮೊದಲ ಏಟು ತಿಂದವರು ಹಿಂದಕ್ಕೆ ತಳ್ಳಲ್ಪಡುತ್ತಾರೆ, ಅವರ ಕತ್ತಿಗೆ ಎದುರಾಳಿ ಎಟುಕುವುದಿಲ್ಲ. ಲಾಭ ಇಷ್ಟೇ. ಆದರೆ ಕೊನೆಗೆ ಗೆಲುವು ಸೋಲಾಗಲು ಇಷ್ಟು ಸಾಕು.

2016ರಲ್ಲಿ ಬದಲಾಗಿದ್ದೇನು?

ಫೆಬ್ರವರಿ 29, 2016ರಂದು ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿಗೆ (ಜಾವಾ) 1.9 ಎಂಬ ಅಪ್‌ಡೇಟ್ ಬಂತು. ಅಂದಿನಿಂದ ಪ್ರತಿ ಆಯುಧಕ್ಕೂ ‘ಚಾರ್ಜ್’ ಆಗುವ ಸಮಯ ನಿಗದಿಯಾಯಿತು. ಕತ್ತಿಗೆ ಸೆಕೆಂಡಿಗೆ 1.6 ಏಟು, ವಜ್ರದ ಕೊಡಲಿಗೆ 1 ಏಟು. ಚಾರ್ಜ್ ಪೂರ್ತಿಯಾಗುವ ಮೊದಲೇ ಹೊಡೆದರೆ ಏಟಿನ ಬಲ ಕುಸಿಯುತ್ತದೆ.

ಲೆಕ್ಕ ನೋಡಿ. ಆಟಗಾರರ ಜೀವ 20 ಅಂಕ. ವಜ್ರದ ಕತ್ತಿಯ ಪೂರ್ಣ ಏಟು 7 ಅಂಕ. ತಾಳ್ಮೆಯಿಂದ 0.625 ಸೆಕೆಂಡಿಗೊಮ್ಮೆ ಹೊಡೆದರೆ, ಕವಚವಿಲ್ಲದ ಎದುರಾಳಿ ಮೂರನೇ ಏಟಿಗೆ, ಅಂದರೆ ಮೊದಲ ಏಟಿನಿಂದ 1.25 ಸೆಕೆಂಡಿಗೆ ಮುಗಿದ. ಅದೇ ಕತ್ತಿಯಲ್ಲಿ ಸೆಕೆಂಡಿಗೆ 10 ಸಲ ಒತ್ತುತ್ತಾ ಹೋದರೆ ಮೊದಲ ಏಟು ಮಾತ್ರ 7, ಆಮೇಲಿನವು ಸುಮಾರು 1.6 ಅಂಕದವು. ಅವೂ ಅರ್ಧ ಸೆಕೆಂಡಿಗೊಂದೇ ತಾಗುತ್ತವೆ. ಅದೇ ಕೆಲಸಕ್ಕೆ 4 ಸೆಕೆಂಡಿಗೂ ಹೆಚ್ಚು ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆಯನ್ನು ಯಾರೋ ಕೋಡ್‌ನಲ್ಲಿ ಬರೆದಿಟ್ಟಂತಿದೆ!

ಹಾಗಾಗಿ ಇಂಥ ವಿಡಿಯೋ ನೋಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾವ ಆವೃತ್ತಿಯದು? ಹಳೆಯ 1.8ರ ನಿಯಮಗಳಲ್ಲಿ ಕೆಲಸಕ್ಕೆ ಬರುವ ಸಲಹೆ 1.9ರ ನಂತರದ ಆಟದಲ್ಲಿ ನಿಮ್ಮನ್ನೇ ಸೋಲಿಸುತ್ತದೆ. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಗೆ ಈ ಚಾರ್ಜ್ ನಿಯಮ ಬಂದೇ ಇಲ್ಲ, ಆದರೆ ಅರ್ಧ ಸೆಕೆಂಡಿನ ಬೀಗ ಅಲ್ಲೂ ಇದೆ.

ವೇಗ ತಗ್ಗಿಸುವುದು ಏಕೆ?

ಕಣ್ಣಿಗೆ ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ತಡೆಯಬೇಕೋ, ಪಕ್ಕಕ್ಕೆ ಸರಿಯಬೇಕೋ ಎಂದು ಆಯ್ಕೆ ಮಾಡಬೇಕಾದರೆ ಇನ್ನೂ ಹೆಚ್ಚು. ಅದರ ಮೇಲೆ ಇಂಟರ್ನೆಟ್‌ನ ವಿಳಂಬ ಬೇರೆ. ಮೊಬೈಲ್ ಡೇಟಾದಲ್ಲಿ ಆಡುವವರಿಗೆ ಪಿಂಗ್ 100 ಮಿಲಿಸೆಕೆಂಡ್ ದಾಟುವುದು ದೊಡ್ಡ ವಿಷಯವೇನಲ್ಲ. ಎಲ್ಲ ಕೂಡಿಸಿದರೆ, 0.2 ಸೆಕೆಂಡಿನಲ್ಲಿ ಬಂದು ಬೀಳುವ ಏಟನ್ನು ನೋಡಿ ತಡೆಯಲು ಮನುಷ್ಯರಿಂದ ಆಗದು. ಊಹೆಯ ಮೇಲೆ ತಡೆಯಬೇಕಷ್ಟೆ, ಆಗ ಕಾಳಗ ಲಾಟರಿಯಾಗುತ್ತದೆ.

ಏಟು ತೀರಾ ನಿಧಾನವಾದರೂ ಕಷ್ಟವೇ. 2017ರಲ್ಲಿ ಬಂದ ಫಾರ್ ಆನರ್ ಎಂಬ ಕತ್ತಿ ಕಾಳಗದ ಆಟದಲ್ಲಿ ಪಳಗಿದ ಆಟಗಾರರು ಸುಮಾರು ಅರ್ಧ ಸೆಕೆಂಡಿನ ಏಟುಗಳನ್ನೆಲ್ಲ ನೋಡಿಯೇ ತಡೆಯತೊಡಗಿದರು. ಮೊದಲು ಕೈ ಎತ್ತಿದವರಿಗೇ ನಷ್ಟವಾಗುವಂತಾಗಿ, ಇಬ್ಬರೂ ಸುಮ್ಮನೆ ದಿಟ್ಟಿಸುತ್ತಾ ನಿಲ್ಲುವ ಪರಿಸ್ಥಿತಿ ಬಂತು. ಇಲ್ಲಿನ ಗೆರೆ ತುಂಬಾ ಸಣ್ಣದು. ನೂರು ಮಿಲಿಸೆಕೆಂಡ್ ಆಚೀಚೆಯಾದರೆ ಆಟದ ಸ್ವರೂಪವೇ ಬೇರೆ.

ಮೈನ್‌ಕ್ರಾಫ್ಟ್ ಹುಡುಕಿಕೊಂಡ ದಾರಿ ಆಯುಧಗಳ ನಡುವೆ ಕೊಡು-ಕೊಳ್ಳು. ಕೊಡಲಿಯ ಏಟು 9 ಅಂಕದ್ದು, ಆದರೆ ನಿಧಾನ; ಅದಕ್ಕೆ ಪ್ರತಿಯಾಗಿ ಅದು ಎದುರಾಳಿಯ ಗುರಾಣಿಯನ್ನು 5 ಸೆಕೆಂಡ್ ನಿಷ್ಕ್ರಿಯ ಮಾಡಬಲ್ಲದು. 2024ರಲ್ಲಿ ಬಂದ ಗದೆ ಸೆಕೆಂಡಿಗೆ ಬರೀ 0.6 ಸಲ ಬೀಸುತ್ತದೆ, ಆದರೆ ಎತ್ತರದಿಂದ ಧುಮುಕಿ ಹೊಡೆದಷ್ಟೂ ಅದರ ಬಲ ಹೆಚ್ಚು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಹೈಪಿಕ್ಸೆಲ್‌ನಂಥ ಬಹುದೊಡ್ಡ ಸರ್ವರ್ ಕೂಡ ತನ್ನ ಕಾಳಗಗಳಲ್ಲಿ 1.8ರ ನಿಯಮಗಳನ್ನೇ ಉಳಿಸಿಕೊಂಡಿತು. ಹಳೆಯ ಆಟದಲ್ಲಿ ಒಂದು ಲಯವಿತ್ತು, ಕಾಲ್ಚಳಕಕ್ಕೆ ಬೆಲೆಯಿತ್ತು ಎನ್ನುವ ಅವರ ಅಭಿಮಾನಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. 2019 ಮತ್ತು 2020ರಲ್ಲಿ ಮೈನ್‌ಕ್ರಾಫ್ಟ್‌ನ ಮುಖ್ಯ ವಿನ್ಯಾಸಕ ಯೆನ್ಸ್ ಬೆರ್ಗೆನ್‌ಸ್ಟೆನ್ ಹೊಸ ಕಾಳಗ ನಿಯಮಗಳ ಪ್ರಾಯೋಗಿಕ ಆವೃತ್ತಿಗಳನ್ನು ಆಟಗಾರರ ಮುಂದಿಟ್ಟು ಅಭಿಪ್ರಾಯ ಕೇಳಿದರು. ಅದರಲ್ಲಿದ್ದ ಒಂದು ಅಂಶ ನಮಗಂತೂ ಬಹಳ ಸರಿಯೆನಿಸಿತು: ಬಟನ್ ಒತ್ತಿ ಹಿಡಿದರೆ ಸಾಕು, ಚಾರ್ಜ್ ಆದಾಗಲೆಲ್ಲ ಕತ್ತಿ ತಾನೇ ಬೀಸುತ್ತದೆ. ಬೆರಳಿಗೆ ಶ್ರಮವೇ ಇಲ್ಲ.

ಬೆರಳು ಮತ್ತು ಫೋನ್

ಈ ಕ್ಲಿಕ್ ಹುಚ್ಚಿನಿಂದ ನಿಜವಾದ ತೊಂದರೆ ಆಗುವುದು ಆಟದ ಹೊರಗೆ. ‘ಜಿಟರ್ ಕ್ಲಿಕ್’ ಎಂಬ ವಿಧಾನದಲ್ಲಿ ಮುಂಗೈ ಸ್ನಾಯುಗಳನ್ನು ಬಿಗಿಹಿಡಿದು ಕೈಯನ್ನೇ ನಡುಗಿಸುತ್ತಾರೆ. ಗೇಮ್ ಆಡಿದರೆ ಕೈ ಬಿದ್ದುಹೋಗುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೆ ಇದನ್ನೇ ಗಂಟೆಗಟ್ಟಲೆ ಮಾಡಿದರೆ ಸ್ನಾಯುರಜ್ಜುಗಳಿಗೆ ಒತ್ತಡ ಬಿದ್ದು ನೋವು ಬರಬಹುದು. ನೋವು, ಜುಮುಜುಮು, ಮರಗಟ್ಟುವಿಕೆ ವಿಶ್ರಾಂತಿಯ ನಂತರವೂ ಉಳಿದರೆ ವೈದ್ಯರಿಗೆ ತೋರಿಸಿ.

ಫಾರ್ವರ್ಡ್ ಆಗಿ ಬಂದ ಆಟೋ ಕ್ಲಿಕ್ಕರ್ ಎಪಿಕೆ ಇದಕ್ಕಿಂತ ಅಪಾಯಕಾರಿ. ಬೇರೆ ಆ್ಯಪ್‌ನ ಮೇಲೆ ತಾನಾಗಿ ಒತ್ತಲು ಅದಕ್ಕೆ ಆ್ಯಂಡ್ರಾಯ್ಡ್‌ನ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಬೇಕು. ದೃಷ್ಟಿ ಅಥವಾ ಕೈಕಾಲಿನ ಚಲನೆಯ ತೊಂದರೆ ಇರುವವರಿಗಾಗಿ ಮಾಡಿದ ಸೌಲಭ್ಯವದು. ಅದನ್ನು ಪಡೆದ ಆ್ಯಪ್ ಪರದೆಯ ಮೇಲಿನ ಅಕ್ಷರಗಳನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಬ್ಯಾಂಕ್ ಖಾತೆಗೆ ಕನ್ನ ಹಾಕುವ ಕುತಂತ್ರಾಂಶಗಳು ದುರ್ಬಳಕೆ ಮಾಡಿಕೊಂಡಿರುವುದೂ ಇದೇ ಅನುಮತಿಯನ್ನು. ಮಗ ಆಡುವ ಫೋನಿನಲ್ಲೇ ಅಪ್ಪನ ಯುಪಿಐ ಇದ್ದರೆ? ಮೇಲಾಗಿ, ಇಂಥ ಆ್ಯಪ್ ಬಳಸಿ ಸಿಕ್ಕಿಬಿದ್ದವರನ್ನು ದೊಡ್ಡ ಸರ್ವರ್‌ಗಳು ನಿಷೇಧಿಸುತ್ತವೆ.

ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ತೆರೆದರೆ ಯಾವ ಆ್ಯಪ್‌ಗಳಿಗೆ ಈ ಅನುಮತಿ ಇದೆ ಎಂಬ ಪಟ್ಟಿ ಕಾಣುತ್ತದೆ. ಗುರುತಿಲ್ಲದ ಹೆಸರು ಕಂಡರೆ ಮೊದಲು ಅನುಮತಿ ಆಫ್ ಮಾಡಿ, ಆಮೇಲೆ ಆ್ಯಪ್ ತೆಗೆದುಹಾಕಿ.