ಗುಂಬದೊಳಗೆ ನೀರು ಹೊಕ್ಕುವುದೆಂತು?

ನಾಗಮಂಗಲದ ಕಲ್ಲುದಾರಿಯಲ್ಲಿ ಓಡಿ ಬಂದ ಫೋರ್ ವೀಲ್ ಡ್ರೈವ್ ಜೀಪು ಪಾಂಡವಪುರದ ಬಳಿ ಲೋಕಪಾವನಿಗೆ ಇಳಿಯಿತೆನ್ನಿ. ಬಿಸಿಯಾಗಿದ್ದ ಚಕ್ರದ ಗುಂಬ ಥಟ್ಟನೆ ತಣಿಯುತ್ತದೆ. ಒಳಗಿನ ಗಾಳಿಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ನಿಂದ 27ಕ್ಕೆ, ಅಂದರೆ 333 ಕೆಲ್ವಿನ್‌ನಿಂದ 300ಕ್ಕೆ ಇಳಿದರೆ ಒತ್ತಡ ಹತ್ತರಲ್ಲೊಂದು ಪಾಲು ಕುಸಿಯುತ್ತದೆ. ಒಂದು ಮೀಟರ್ ಆಳದ ನೀರು ಒತ್ತುವಷ್ಟು ಬಲವಿದು! ಸೀಲು ಸವೆದಿದ್ದರೆ ನೀರು ಒಳನುಗ್ಗದೆ ಇದ್ದೀತೆ? ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಬೇರಿಂಗಿನ ಉಕ್ಕಿನ ಉರುಳೆಗಳಿಗೆ ತುಕ್ಕು ಹಿಡಿಯುತ್ತದೆ. ಹಾಗೆಯೇ ಓಡಿಸಿದರೆ ಒಂದು ದಿನ ಚಕ್ರವೇ ಕಳಚೀತು.

ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ಗದ್ದೆಬಯಲಿನ ಕೆಸರಿನಲ್ಲಿ ಓಡುವ ವಾಹನಕ್ಕೂ ಇದೇ ಪಾಡು. ಎತ್ತಿನ ಗಾಡಿಗಾದರೆ ಕಡಾಣಿ ಕಿತ್ತು, ಚಕ್ರ ಸರಿಸಿ, ಕೀಲೆಣ್ಣೆ ಬಳಿದರೆ ಮುಗಿಯಿತು. ಜೀಪಿಗೆ ಅಷ್ಟು ಸಾಲದು. ಜಾಕ್ ಕೊಟ್ಟು ಎತ್ತಿ, ಚಕ್ರದ ಮೇಲು-ಕೆಳಗು ಹಿಡಿದು ಅಲುಗಿಸಬೇಕು. ಕಟಕಟ ಅಂದರೆ ಬೇರಿಂಗ್ ಸಡಿಲಾಗಿರಬಹುದು. ತಿರುಗಿಸಿದಾಗ ಗರಗರ ಸದ್ದು ಬಂದರೆ ಉರುಳೆ ಕೆಟ್ಟಿರಬಹುದು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಉರುಳೆಗಳ ನಡುವೆಲ್ಲ ಹೊಸ ಗ್ರೀಸು ತುಂಬಬೇಕು. ಸೀಲು ಮಾತ್ರ ಹೊಸದೇ ಇರಲಿ, ಹಳೆಯದನ್ನೇ ಕೂರಿಸುವುದು ದಂಡದ ಕೆಲಸ. ನಟ್ಟನ್ನು ಬಲವಾಗಿ ಬಿಗಿದು ಬಿಟ್ಟರೆ ಬೇರಿಂಗ್ ಕಾದು ಸುಡುತ್ತದೆ. ಎಷ್ಟು ಬಿಗಿಯಬೇಕೆಂದು ವಾಹನದ ಕೈಪಿಡಿ ಹೇಳುತ್ತದೆ. ಹೊಳೆಗಿಳಿಯುವ ಮುನ್ನ ದಡದಲ್ಲಿ ತುಸು ನಿಂತು, ಗುಂಬ ಆರಲು ಬಿಟ್ಟರೆ ಇನ್ನೂ ಒಳ್ಳೆಯದು.