ಮನೆಯಲ್ಲಿ ಕೇಳುವ ಸಂಗೀತೋತ್ಸವ: ಕಿವಿಗೂ ನಿದ್ರೆಗೂ ಹಿತವಾಗಲಿ



ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ನಾವು ಚಿಕಿತ್ಸಾಲಯವನ್ನು ಆರಂಭಿಸಿ ಮೂರು ದಶಕಗಳಿಗೂ ಮೇಲಾಯಿತು. ವಾರಕ್ಕೊಮ್ಮೆ ವೈಟ್‌ಫೀಲ್ಡ್‌ನಲ್ಲೂ ರೋಗಿಗಳನ್ನು ನೋಡುತ್ತೇವೆ. ಯಂತ್ರದ ಮುಂದೆ ನಿಂತು ದುಡಿಯುವವರು, ಗಣಕದ ಮುಂದೆ ಕುಳಿತು ದುಡಿಯುವವರು, ಊರು ಬಿಟ್ಟು ಮಕ್ಕಳ ಮನೆಗೆ ಬಂದು ನೆಲೆಸಿದ ವೃದ್ಧ ತಂದೆತಾಯಿಗಳು, ಈ ಮೂರು ಬಗೆಯವರೂ ಹೇಳುವ ಸಮಾನವಾದ ದೂರೊಂದಿದೆ. ರಾತ್ರಿ ನಿದ್ರೆ ಬಾರದು. ಅಂಥವರಿಗೆ ಔಷಧದ ಚೀಟಿ ಬರೆದುಕೊಟ್ಟು, "ಮಲಗುವಾಗ ಒಳ್ಳೆಯ ಸಂಗೀತ ಕೇಳಿ" ಎಂದು ಬಾಯಿಮಾತಿನಲ್ಲಿ ಸೇರಿಸುವುದು ನಮ್ಮ ರೂಢಿಯಾಗಿತ್ತು. ಆ ಸಲಹೆಯನ್ನು ತಿದ್ದಿಕೊಳ್ಳಬೇಕಾದ ಪ್ರಸಂಗ ಒದಗಿದ್ದರಿಂದ ಈ ಲೇಖನ.

ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ವೈಟ್‌ಫೀಲ್ಡ್‌ನ ಬಹುಮಹಡಿ ಕಟ್ಟಡವೊಂದರಲ್ಲಿ ಮಗನೊಡನೆ ವಾಸವಾಗಿದ್ದಾರೆ. ನಮ್ಮ ಮಾತನ್ನು ನಂಬಿ, ಪ್ರತಿರಾತ್ರಿ ಹಾಸಿಗೆಯಲ್ಲಿ ಮಲಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಸಂಗೀತೋತ್ಸವಗಳ ಮುದ್ರಣಗಳನ್ನು ನೋಡತೊಡಗಿದರು. ಎರಡು ತಿಂಗಳ ಬಳಿಕ ಬಂದಾಗ ನಿದ್ರೆ ಮೊದಲಿಗಿಂತ ಕೆಟ್ಟಿತ್ತು. ಹಗಲೆಲ್ಲ ತಲೆಭಾರ, ಜತೆಗೆ ಬಲಗಿವಿಯಲ್ಲಿ ಜೀರುಂಡೆಯ ಸದ್ದು. ಎಷ್ಟು ಹೊತ್ತಿನವರೆಗೆ ಕೇಳುತ್ತೀರಿ ಎಂದು ವಿಚಾರಿಸಿದೆವು. "ಸಾಹೇಬ್ರ, ಹಾಡು ಛಲೋ ಇದ್ರ ಮುಗಿಯೋತನಕ ನಿದ್ದಿ ಹೆಂಗ ಬರತೈತ್ರಿ? ಮುಗದ ಮ್ಯಾಲ ಇನ್ನೊಂದು ತಾನ ಚಾಲೂ ಆಕ್ಕೈತಿ" ಎಂದರು.

ಈ ಉತ್ತರಕ್ಕೆ ನಮ್ಮಲ್ಲಿ ಮರುಮಾತಿರಲಿಲ್ಲ. ಅವರು ತಾರುಣ್ಯದಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಸವಾಯಿ ಗಂಧರ್ವರ ಸ್ಮರಣೆಯ ಉತ್ಸವದಲ್ಲಿ, ಇರುಳಿಡೀ ಕುಳಿತು ಕೇಳಿದವರು. ಬೆಳಗಿನ ರಾಗದವರೆಗೆ ಅವರನ್ನು ಎಚ್ಚರವಾಗಿರಿಸಿದ್ದು ಆ ಸಂಗೀತವೇ. ಅದನ್ನೇ ನಾವು ನಿದ್ರೆಯ ಗುಳಿಗೆಯೆಂದು ಕೊಟ್ಟಿದ್ದೆವು! ಬಲ್ಲವರಿಗೆ ರಾಗವು ಮನಸ್ಸನ್ನು ಎಚ್ಚರಿಸುತ್ತದೆ. ಮುಂದಿನ ಸ್ವರ ಯಾವುದು, ಸಮ್ ಎಲ್ಲಿ ಬೀಳುತ್ತದೆ ಎಂದು ಬುದ್ಧಿ ಹಿಂಬಾಲಿಸುತ್ತಿರುವಾಗ ಇಂದ್ರಿಯಗಳು ವಿಷಯದಿಂದ ಹಿಂದೆ ಸರಿಯುವುದಾದರೂ ಹೇಗೆ? ಇಂದ್ರಿಯಗಳೂ ಮನಸ್ಸೂ ದಣಿದು ತಮ್ಮ ವಿಷಯಗಳಿಂದ ನಿವೃತ್ತವಾದಾಗ ನಿದ್ರೆ ಬರುತ್ತದೆ ಎಂಬುದು ಚರಕಾಚಾರ್ಯರ ಮತ. ಅದನ್ನು ಓದಿಯೂ ನಾವು ಮರೆತಿದ್ದೆವು.

ಹಾಗೆಂದು ಮುದ್ರಿತ ಸಂಗೀತವನ್ನು ಕೀಳಾಗಿ ಕಾಣುವವರು ನಾವಲ್ಲ. ಗದಗಿನ ನೆಲದಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ, ಹಾಗೆ ಹಾಡಲು ಕಲಿಯಬೇಕೆಂದು ಸುಮಾರು 11ನೆಯ ವಯಸ್ಸಿನಲ್ಲಿ ಮನೆ ಬಿಟ್ಟುಹೋದದ್ದು ಪ್ರಸಿದ್ಧ. ಕೊನೆಗೆ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ಅವರಿಗೆ ವಿದ್ಯೆ ದೊರೆಯಿತು. ಗುರುಗಳು 1952ರಲ್ಲಿ ಲಿಂಗೈಕ್ಯರಾದರೆಂದು ನಮ್ಮ ರೂಢಿಯಲ್ಲಿ ಹೇಳುವಂತಿಲ್ಲವಾದರೂ, ನಾದದಲ್ಲಿ ಐಕ್ಯರಾದರೆನ್ನಲು ಅಡ್ಡಿಯಿಲ್ಲ. ಮರುವರ್ಷವೇ ಶಿಷ್ಯರು ಪುಣೆಯಲ್ಲಿ ಅವರ ಹೆಸರಿನ ಉತ್ಸವವನ್ನು ಆರಂಭಿಸಿದರು. ಇಷ್ಟಕ್ಕೆಲ್ಲ ಬೀಜವಾದದ್ದು ಸುಮಾರು ಮೂರು ನಿಮಿಷ ಹಾಡುವ ಒಂದು ತಟ್ಟೆ. ನಮ್ಮ ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ನಮ್ಮನ್ನಗಲಿದರು. ಇಂದಿನ ಮಕ್ಕಳು ಅವರ ವಚನಗಾಯನವನ್ನು ಕೇಳುವುದು ಮುದ್ರಣದಿಂದಲ್ಲದೆ ಇನ್ನೆಲ್ಲಿಂದ?

ಆದರೆ ಅಂದಿನ ತಟ್ಟೆ ಮೂರು ನಿಮಿಷಕ್ಕೆ ನಿಲ್ಲುತ್ತಿತ್ತು. ಮತ್ತೆ ಕೇಳಬೇಕೆಂದರೆ ಎದ್ದು ಮುಳ್ಳನ್ನು ಇಡಬೇಕಿತ್ತು. ಆಕಾಶವಾಣಿಯು 1954ರಲ್ಲಿ ಸಂಗೀತ ಸಮ್ಮೇಳನಗಳನ್ನು ಆರಂಭಿಸಿ, ಶ್ರೋತೃಗಳ ಮುಂದೆ ನಡೆದ ಕಛೇರಿಗಳನ್ನು ಮನೆಮನೆಗೆ ತಲುಪಿಸಿದಾಗಲೂ ಅದಕ್ಕೊಂದು ನಿಗದಿತ ವೇಳೆಯಿತ್ತು. ಆ ವೇಳೆಗೆ ಊಟ ಮುಗಿಸಿ, ರೇಡಿಯೊ ಇದ್ದವರ ಪಡಸಾಲೆಯಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಕಾರ್ಯಕ್ರಮ ಮುಗಿದೊಡನೆ ದೀಪ ಆರಿಸಿ ಮಲಗುತ್ತಿದ್ದರು. ಇಂದಿನ ಮೊಬೈಲಿಗೆ ಮುಕ್ತಾಯವೆಂಬುದೇ ಇಲ್ಲ. ಒಂದು ಕಛೇರಿಯ ಬಾಲಕ್ಕೆ ಇನ್ನೊಂದನ್ನು ತಾನೇ ಪೋಣಿಸುತ್ತದೆ. ರೋಗದ ಬೇರು ಅಲ್ಲಿದೆ.

ಆಯುರ್ವೇದವು ರೋಗಕ್ಕೆ ಹೇಳುವ ಮೂರು ಮೂಲ ಕಾರಣಗಳಲ್ಲಿ ಇಂದ್ರಿಯ ಮತ್ತು ವಿಷಯಗಳ ಅಹಿತವಾದ ಸಂಯೋಗವೂ ಒಂದು. ಅದರಲ್ಲಿ ಅತಿಯೋಗ, ಅಯೋಗ, ಮಿಥ್ಯಾಯೋಗ ಎಂದು ಮೂರು ಬಗೆ. ಕಿವಿಯ ವಿಷಯದಲ್ಲಿ ಗುಡುಗು, ಭೇರಿಗಳಂತಹ ಅತಿ ಶಬ್ದವನ್ನು ಕೇಳುವುದು ಅತಿಯೋಗ, ಏನನ್ನೂ ಕೇಳದಿರುವುದು ಅಯೋಗ, ಕರ್ಕಶವೂ ಭಯಂಕರವೂ ಆದುದನ್ನು ಕೇಳುವುದು ಮಿಥ್ಯಾಯೋಗ. ಮಧುರವಾದ ನಾದವಾದರೂ ಅಳತೆ ಮೀರಿದರೆ ಅತಿಯೋಗವೇ. ಆಧುನಿಕರು ಆ ಅಳತೆಯನ್ನು ಅಂಕಿಗಳಲ್ಲಿ ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಶಬ್ದ 90 ಡೆಸಿಬಲ್‌ಗೆ ಏರಿದರೆ ಆ ಅವಧಿ ಕೇವಲ 4 ಗಂಟೆಗಳಿಗೆ ಇಳಿಯುತ್ತದೆ. ಹತ್ತೇ ಅಂಕ ಹೆಚ್ಚಿದಾಗ ಅವಧಿ ಹತ್ತನೆಯ ಒಂದು ಪಾಲಾಗುವುದನ್ನು ಗಮನಿಸಬೇಕು.

ಪೀಣ್ಯದ ಕಾರ್ಮಿಕ ಬಂಧುಗಳಿಗೆ ಇದು ಇನ್ನೂ ಮುಖ್ಯ. ದಿನವಿಡೀ ಪ್ರೆಸ್ಸು, ಗ್ರೈಂಡಿಂಗ್ ಯಂತ್ರಗಳ ಸದ್ದಿನಲ್ಲಿ ಕಿವಿ ದಣಿದಿರುತ್ತದೆ. ಪಾಳಿ ಮುಗಿಸಿ ಬಸ್ಸು ಹತ್ತಿದೊಡನೆ ಇಯರ್‌ಫೋನ್ ಸಿಕ್ಕಿಸಿ, ಬಸ್ಸಿನ ಸದ್ದನ್ನು ಮೀರಿಸಲೆಂದು ಶಬ್ದವನ್ನು ಏರಿಸುತ್ತಾರೆ. ಕಾರ್ಖಾನೆಯಲ್ಲಿ ಕಿವಿಗೆ ರಕ್ಷೆ ಹಾಕಿಕೊಂಡು ಉಳಿಸಿದ್ದನ್ನು ದಾರಿಯಲ್ಲಿ ಕಳೆದುಕೊಂಡಂತಾಯಿತು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಯಾವ ತೈಲಕ್ಕೂ ಯಾವ ಲೇಹ್ಯಕ್ಕೂ ಅವುಗಳನ್ನು ಮರಳಿ ತರುವ ಶಕ್ತಿಯಿಲ್ಲ ಎಂಬುದನ್ನು ಆಯುರ್ವೇದ ವೈದ್ಯರಾದ ನಾವೇ ಸ್ಪಷ್ಟವಾಗಿ ಹೇಳಬೇಕು. ಕಿವಿಯಲ್ಲಿ ಸದ್ದು ಕೇಳಿಸಿದರೆ ತಾವಾಗಿಯೇ ಎಣ್ಣೆ ಹಾಕಿಕೊಳ್ಳದೆ, ಮೊದಲು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿರಿ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆಯಿಂದ ಕೇಡೇ ಹೆಚ್ಚು.

ಇನ್ನು ನಿದ್ರೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳು ದೇಹವನ್ನು ಹೊರುವ ಮೂರು ಉಪಸ್ತಂಭಗಳು. ರಾತ್ರಿಯ ಜಾಗರಣೆ ದೇಹದಲ್ಲಿ ರೂಕ್ಷತೆಯನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ. ಅನಿವಾರ್ಯವಾಗಿ ಜಾಗರಣೆಯಾದರೆ, ಎಚ್ಚರವಿದ್ದುದರ ಅರ್ಧದಷ್ಟು ಹೊತ್ತು ಮರುದಿನ ಬೆಳಗ್ಗೆ ಊಟಕ್ಕೆ ಮೊದಲು ಮಲಗಬೇಕೆಂದು ವಾಗ್ಭಟಾಚಾರ್ಯರು ಹೇಳುತ್ತಾರೆ. ಕಾಯಕಕ್ಕಾಗಿ ರಾತ್ರಿಪಾಳಿ ಮಾಡುವವರಿಗೆ ಈ ಮಾತು ಆಸರೆಯಾಗಲಿ. ಆದರೆ ಮುಂದಿನ ಕಛೇರಿ ತಾನೇ ಮೊದಲಾಯಿತೆಂದು ಎರಡು ಗಂಟೆಯವರೆಗೆ ಎಚ್ಚರವಿರುವವರು ಈ ನಿಯಮದ ನೆರಳಿನಲ್ಲಿ ಅಡಗಬಾರದು.

ಹಾಗಾದರೆ ಮನೆಯಲ್ಲಿ ಕೇಳುವ ಬಗೆ ಯಾವುದು? ಕಛೇರಿಗೆ ಹೋದವರು ಹೇಗೆ ಕೇಳುತ್ತಾರೋ ಹಾಗೆ, ಎಂಬುದೇ ನಮ್ಮ ಈಗಿನ ಸಲಹೆ. ಹಾಸಿಗೆಯಲ್ಲಿ ಬೇಡ, ಕುಳಿತು ಕೇಳಿರಿ. ಮಲಗುವ ಹೊತ್ತಿಗೆ ಒಂದು ಗಂಟೆ ಮೊದಲೇ ಮುಗಿಯುವಂತೆ ಆರಂಭಿಸಿರಿ. ಇಂದು ಕೇಳುವುದು ಇದೊಂದೇ ಎಂದು ಮೊದಲೇ ಆರಿಸಿ, ತಾನಾಗಿ ಮುಂದುವರಿಯುವ ವ್ಯವಸ್ಥೆಯನ್ನು ನಿಲ್ಲಿಸಿರಿ. ಆಲಾಪವನ್ನು ಹಾರಿಸಿ ದ್ರುತಕ್ಕೆ ಓಡಬೇಡಿರಿ. ಇಯರ್‌ಫೋನ್ ಬದಲು ಚಿಕ್ಕದೊಂದು ಸ್ಪೀಕರ್ ಇಟ್ಟುಕೊಳ್ಳಿರಿ. ಇಯರ್‌ಫೋನ್ ಅನಿವಾರ್ಯವಾದರೆ ಶಬ್ದವು ಗರಿಷ್ಠ ಮಟ್ಟದ ಶೇ. 60ನ್ನು ದಾಟದಿರಲಿ. ಗೋಡೆಯಾಚೆ ನೆರೆಯವರಿದ್ದಾರೆಂಬ ಎಚ್ಚರವೂ ಇರಲಿ. ಅವರ ನಿದ್ರೆಯೂ ನಿದ್ರೆಯೇ.

"ನಮಗೆ ಬಿಡುವು ಸಿಗುವುದೇ ಮಧ್ಯರಾತ್ರಿ, ಆಗಲೂ ಕೇಳಬಾರದೆಂದರೆ ಹೇಗೆ?" ಎಂದು ಎಲೆಕ್ಟ್ರಾನಿಕ್ ಸಿಟಿಯ ತರುಣರೊಬ್ಬರು ಆಕ್ಷೇಪಿಸಿದರು. ಅವರ ಕಷ್ಟ ನಿಜವಾದದ್ದು. ವಿದೇಶದ ಗಡಿಯಾರಕ್ಕೆ ದುಡಿಯುವವರಿಗೆ ಸಂಜೆಯೆಂಬುದೇ ಇಲ್ಲ. ಅವರಿಗೆ ನಾವು ಹೇಳಿದ್ದಿಷ್ಟೆ: ವಾರದಲ್ಲಿ ಆರು ದಿನ ಅರ್ಧಂಬರ್ಧ ಕೇಳುವ ಬದಲು, ರಜೆಯ ದಿನ ಒಂದು ಕಛೇರಿಯನ್ನು ಪೂರ್ತಿಯಾಗಿ ಕೇಳಿರಿ.

ಆ ಶಿಕ್ಷಕರ ಮನೆಯಲ್ಲಿ ಈಗ ಸಂಜೆ ಏಳೂವರೆಗೆ ಮೊಬೈಲನ್ನು ಟಿ.ವಿ.ಗೆ ಜೋಡಿಸುತ್ತಾರೆ. ಪತ್ನಿಯೂ ಮೊಮ್ಮಗಳೂ ಜತೆಗೆ ಕುಳಿತುಕೊಳ್ಳುತ್ತಾರೆ. "ಹಿಂದೆ ಕೂತವರು ಒಂದೇ ಸಮನೆ ಯಾಕೆ ಮೀಟುತ್ತಾರೆ ಅಜ್ಜಾ?" ಎಂದು ಮೊಮ್ಮಗಳು ತಂಬೂರಿಯ ಬಗ್ಗೆ ಕೇಳಿದಳಂತೆ. ಆ ಒಂದು ಪ್ರಶ್ನೆಗೆ ಉತ್ತರಿಸಲು ಅರ್ಧ ಗಂಟೆ ಬೇಕಾಯಿತೆಂದು ಹೇಳಿ ಅವರು ನಕ್ಕರು. ನಿದ್ರೆ ಬಹಳಷ್ಟು ಸುಧಾರಿಸಿದೆ. ಕಿವಿಯ ಸದ್ದು ಮಾತ್ರ ಪೂರ್ತಿ ಹೋಗಿಲ್ಲ. ಪರೀಕ್ಷೆಯಲ್ಲಿ ವಯೋಸಹಜವಾದ ಶ್ರವಣದೋಷ ಕಂಡಿದ್ದು, ಶ್ರವಣಯಂತ್ರ ಬಳಸುತ್ತಿದ್ದಾರೆ. ಮೊದಲೇ ಕಳುಹಿಸಬೇಕಾಗಿತ್ತೆಂಬ ಖೇದ ನಮ್ಮಲ್ಲಿದೆ.

ಕೊನೆಯದಾಗಿ ಒಂದು ಬಿನ್ನಹ. ವರ್ಷಕ್ಕೊಮ್ಮೆಯಾದರೂ ಎದುರು ಕುಳಿತು ಕೇಳಿರಿ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುತ್ತದೆ. 1939ರಲ್ಲಿ ಆರಂಭವಾದ ಪರಂಪರೆ ಅದು. ದೂರವೆಂಬ ನೆಪ ಈಗ ಉಳಿದಿಲ್ಲ. ಪೀಣ್ಯದಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ನೇರವಾಗಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ವೈಟ್‌ಫೀಲ್ಡ್‌ನವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಿಕೊಳ್ಳಬಹುದು. 2025ರ ಆಗಸ್ಟ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರಿಗೂ ಹಳದಿ ಮಾರ್ಗವಿದೆ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರಾಯಿತು. ಮಠದ ಜಾತ್ರೆಯ ಸಂಗೀತಸಭೆಗೂ ಮನೆಮಂದಿಯನ್ನು ಕರೆತನ್ನಿರಿ. ಗಾಯಕರು ನಮಸ್ಕರಿಸಿ ಎದ್ದಾಗ ನಾವೂ ಎದ್ದು, ಪಾದರಕ್ಷೆ ಹುಡುಕಿ, ಮನೆಗೆ ಹೋಗಿ ಮಲಗುತ್ತೇವೆ. ಮನೆಯಲ್ಲಿ ಕೇಳುವಾಗಲೂ ಆ ಏಳುವ ಗಳಿಗೆಯನ್ನು ನಾವೇ ತಂದುಕೊಳ್ಳಬೇಕು.