ಯಂತ್ರಲೋಕ: ಕಿಡಿ ಆರಿದ ಮೇಲೆ

ಮುರಿದ ನೇಗಿಲಿನಿಂದ ಮೊದಲುಗೊಂಡು ಮನೆಯ ಗೇಟಿನವರೆಗೆ, ಕಬ್ಬಿಣದ ವಸ್ತು ಯಾವುದು ಕೈಕೊಟ್ಟರೂ ನಾವು ಹೊತ್ತುಕೊಂಡು ಹೋಗುವುದು ವೆಲ್ಡಿಂಗ್ ಅಂಗಡಿಗೆ. 1880ರ ದಶಕದಲ್ಲಿ ರಷ್ಯನ್ ಸಾಮ್ರಾಜ್ಯದ ಬೆನಾರ್ಡೋಸ್ ಎಂಬ ಸಂಶೋಧಕನು ವಿದ್ಯುತ್ತಿನ ಚಾಪದಿಂದ ಲೋಹವನ್ನು ಬೆಸೆದು ತೋರಿಸಿದನು. ಆ ವಿದ್ಯೆ ಈಗ ನಮ್ಮ ಸಂತೆಯೂರುಗಳ ರಸ್ತೆಬದಿಯನ್ನೂ ತಲುಪಿದೆ. ಕಡ್ಡಿಯ ತುದಿ ಕಬ್ಬಿಣವನ್ನು ಸೋಕಿ ಸರಿದೊಡನೆ ಹೊತ್ತಿಕೊಳ್ಳುವ ಬೆಳಕು, ಸಿಡಿಯುವ ಕಿಡಿ, ಚಟಚಟ ಸದ್ದು ಇವನ್ನು ಕಂಡವರು ಅಪಾಯವೆಲ್ಲ ಅಲ್ಲಿಯೇ ಇದೆಯೆಂದು ಬಗೆಯುತ್ತಾರೆ. ಆದರೆ ಈ ಕಸುಬಿನ ರೀತಿಯೇ ಬೇರೆ. ಅದರ ಕೇಡುಗಳಲ್ಲಿ ಎಷ್ಟೋ ತಲೆದೋರುವುದು ಕಿಡಿ ಆರಿದ ಮೇಲೆ.

ಮೊದಲು ಕಣ್ಣಿನ ಮಾತು. ಚಾಪದ ಬೆಳಕಿನೊಡನೆ ನಮಗೆ ಕಾಣದ ಅತಿನೇರಳೆ ಕಿರಣಗಳೂ ಹೊಮ್ಮುತ್ತವೆ. ಅವು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಸುಡುತ್ತವೆ. ಸುಡುವಾಗ ನೋವು ತಿಳಿಯದು. ಆರೆಂಟು ಗಂಟೆ ಕಳೆದು, ಊಟ ಮುಗಿಸಿ ಮಲಗಿದ ಮೇಲೆ, ಹಿಡಿ ಮರಳು ಎರಚಿದಂತೆ ಉರಿ ಪ್ರಾರಂಭವಾಗುತ್ತದೆ. ಬೆಸುಗೆ ಹಾಕುವವನ ಕೈಯಲ್ಲಿ ಮುಖಪರದೆಯಾದರೂ ಇರುತ್ತದೆ. ಸರಳನ್ನು ಹಿಡಿದು ಕುಳಿತ ಸಹಾಯಕನಿಗೆ ಅದೂ ಇಲ್ಲ. ಮುಖ ತಿರುಗಿಸಿದರೆ ಸಾಕೆಂದು ಅವನು ನಂಬಿರುತ್ತಾನೆ. ಪಕ್ಕದಿಂದ ಬರುವ ಕಿರಣವೂ, ಹೊಳೆಯುವ ತಗಡಿನಿಂದ ಮರಳುವ ಕಿರಣವೂ ಅವನ ನಂಬಿಕೆಯನ್ನು ಲೆಕ್ಕಿಸುವುದಿಲ್ಲ. ಬಿಸಿಲಿಗೆ ಹಾಕುವ ಕನ್ನಡಕ ಇಲ್ಲಿ ಏನೇನೂ ಸಾಲದು. ಸಾಮಾನ್ಯ ಕಡ್ಡಿಯ ಕೆಲಸಕ್ಕೆ 10 ಅಥವಾ 11ನೆಯ ನಂಬರಿನ ಕಪ್ಪು ಗಾಜು ಬೇಕು; ಅದು ಇಬ್ಬರಿಗೂ ಬೇಕು. ಉರಿ ಹತ್ತಿದ ಕಣ್ಣಿಗೆ ಹಾಲು, ಆಲೂಗಡ್ಡೆಯ ರಸ ಮುಂತಾದುವನ್ನು ಹಾಕಬಾರದು. ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆಯಿಟ್ಟು, ಕತ್ತಲಲ್ಲಿ ವಿಶ್ರಮಿಸಿ ವೈದ್ಯರನ್ನು ಕಾಣುವುದು ಒಳಿತು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ.

ಹೊಗೆಯ ಕಥೆಯೂ ಹೀಗೆಯೇ. ಸತುವಿನ ಲೇಪವಿರುವ ಜಿ.ಐ. ಪೈಪನ್ನು ಬೆಸೆದವನಿಗೆ ಸಂಜೆಯ ಹೊತ್ತಿಗೆ ಚಳಿಜ್ವರ, ಮೈಕೈ ನೋವು ಬರಬಹುದು. ಮರುದಿನ ಇಳಿದುಹೋಗುವುದರಿಂದ ಅದರ ಕಾರಣವನ್ನು ಯಾರೂ ವಿಚಾರಿಸುವುದಿಲ್ಲ. ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು. ಹೊಗೆಯ ದಾರಿಗೆ ತಲೆಯೊಡ್ಡದೆ, ಗಾಳಿ ಪಕ್ಕದಿಂದ ಬೀಸುವಂತೆ ಕುಳಿತುಕೊಳ್ಳಬೇಕು. ವರ್ಷಗಟ್ಟಲೆ ಸೇವಿಸಿದ ಹೊಗೆ ಇಷ್ಟು ಸುಲಭವಾಗಿ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಸಾಲಿಗೆ ಸೇರಿಸಿತು.

ಇನ್ನು ವಿದ್ಯುತ್ತು. ಚಾಪ ಉರಿಯುತ್ತಿರುವಾಗ ಅದರ ಒತ್ತಡ 20ರಿಂದ 30 ವೋಲ್ಟುಗಳಷ್ಟೆ. ಚಾಪ ಆರಿ ಯಂತ್ರ ಸುಮ್ಮನೆ ಗುಂಯ್‌ಗುಡುತ್ತಿರುವಾಗ ಅದೇ ಒತ್ತಡ 50ರಿಂದ 80 ವೋಲ್ಟಿಗೆ ಏರಿರುತ್ತದೆ. ಕೆಲಸ ನಿಂತಿತೆಂದು ಕೈಚೀಲ ಕಳಚಿ, ಬೆವೆತ ಬೆರಳುಗಳಿಂದ ಹೊಸ ಕಡ್ಡಿಯನ್ನು ಹೋಲ್ಡರಿಗೆ ಸಿಕ್ಕಿಸುವ ಕ್ಷಣವೇ ಹೆಚ್ಚು ಅಪಾಯದ ಕ್ಷಣ. ಮಳೆಗಾಲದ ಒದ್ದೆ ನೆಲದ ಮೇಲೆ ಈ ಒತ್ತಡವೂ ಪ್ರಾಣ ತೆಗೆಯಬಲ್ಲದು. ಒಣಗಿದ ಚರ್ಮದ ಕೈಚೀಲ, ಕಾಲ ಕೆಳಗೆ ಒಣ ಹಲಗೆ ಇವೆರಡೂ ಇರತಕ್ಕದ್ದು. ಹೋಲ್ಡರನ್ನು ಕಂಕುಳಲ್ಲಿ ಇರುಕಿಕೊಳ್ಳುವುದಾಗಲಿ, ಬಿಸಿಯಾಯಿತೆಂದು ನೀರಿನಲ್ಲಿ ಅದ್ದುವುದಾಗಲಿ ಸಲ್ಲದು.

ಯಂತ್ರದ ಪಾಲನೆಯಲ್ಲಿ ಒಂದು ಹೆಸರು ಬಹಳ ಗೊಂದಲವೆಬ್ಬಿಸಿದೆ. ಬೆಸೆಯುವ ವಸ್ತುವಿಗೆ ಕಚ್ಚಿಸುವ ಕ್ಲಾಂಪಿನ ಕೇಬಲ್ಲನ್ನು ಅಂಗಡಿಯವರು ‘ಅರ್ಥ್’ ಎನ್ನುತ್ತಾರೆ. ಅದು ವಿದ್ಯುತ್ತು ಯಂತ್ರಕ್ಕೆ ಮರಳುವ ದಾರಿಯೇ ಹೊರತು ರಕ್ಷಣೆಯ ಅರ್ಥಿಂಗ್ ಅಲ್ಲ. ಯಂತ್ರದ ಕಬ್ಬಿಣದ ಪೆಟ್ಟಿಗೆಗೆ ಬೇರೆಯೇ ಅರ್ಥಿಂಗ್ ಬೇಕು. ಅದಿಲ್ಲದಿದ್ದರೆ, ಒಳಗಿನ ತಂತಿಯ ಹೊದಿಕೆ ಸವೆದ ದಿನ ಮೇನ್ಸಿನ ವಿದ್ಯುತ್ತೇ ಪೆಟ್ಟಿಗೆಯಲ್ಲಿ ಕಾದಿರುತ್ತದೆ. ಕ್ಲಾಂಪನ್ನು ಕಟ್ಟಡದ ಸರಳಿಗೋ ನೀರಿನ ಕೊಳವೆಗೋ ಕಚ್ಚಿಸದೆ, ಬೆಸುಗೆಯ ಸಮೀಪದಲ್ಲೇ, ತುಕ್ಕು ಉಜ್ಜಿದ ಜಾಗದಲ್ಲಿ ಬಿಗಿಯಾಗಿ ಕಚ್ಚಿಸಬೇಕು. ಪ್ರತಿದಿನ ಬೆಳಿಗ್ಗೆ ಕೇಬಲ್ಲಿನ ಉದ್ದಕ್ಕೂ ಕಣ್ಣಾಡಿಸಿ ಬಿರುಕು, ಸಡಿಲ ಜೋಡಣೆಗಳನ್ನು ಹುಡುಕಬೇಕು. ಸಡಿಲವಿದ್ದಲ್ಲಿ ಬಿಸಿ, ಬಿಸಿಯಿದ್ದಲ್ಲಿ ಬೆಂಕಿ. ಎಣ್ಣೆ ತುಂಬಿದ ಯಂತ್ರವಾದರೆ ಎಣ್ಣೆಯ ಮಟ್ಟವನ್ನು ನೋಡಬೇಕು. ಗಾಳಿಯಿಂದ ತಣಿಯುವ ಯಂತ್ರವಾದರೆ ಮೇನ್ಸ್ ಆರಿಸಿ ಒಣಗಾಳಿಯಿಂದ ಧೂಳನ್ನು ಊದಿಸಬೇಕು. ಕಡ್ಡಿಗಳನ್ನು ತೇವದಿಂದ ಕಾಪಾಡಬೇಕು. ತೇವದ ಕಡ್ಡಿಯಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ; ದಪ್ಪನೆಯ ಗಟ್ಟಿ ಉಕ್ಕಿನಲ್ಲಿ ಅದು ಒಂದೆರಡು ದಿನದ ತರುವಾಯವೂ ಬಿರುಕು ಬಿಡಿಸಬಲ್ಲದು. ನೆಟ್ಟಗಿದೆಯೆಂದು ನೆನ್ನೆ ಒಪ್ಪಿಸಿದ ಕೆಲಸ ನಾಳೆ ಹೊರೆ ಹೊತ್ತಾಗ ಮುರಿಯಬಹುದು.

ಕಡೆಯದಾಗಿ ಬೆಂಕಿ. ಗೋಣಿಚೀಲದ ಮಡಿಕೆಗೋ ಮರದ ಹೊಟ್ಟಿಗೋ ಬಿದ್ದ ಕಿಡಿ ಕೂಡಲೇ ಉರಿಯಬೇಕೆಂದಿಲ್ಲ. ಒಳಗೊಳಗೇ ಕನಲುತ್ತಿದ್ದು, ಬಾಗಿಲು ಹಾಕಿ ಹೋದ ಮೇಲೆ ಏಳುತ್ತದೆ. ಕೆಲಸ ಮುಗಿದ ಬಳಿಕ ಒಂದು ಗಂಟೆಯಾದರೂ ಆ ಜಾಗದ ಮೇಲೆ ಕಣ್ಣಿಡುವುದು ಲೇಸು. ಪೆಟ್ರೋಲು ತೀರಿದ ಪೀಪಾಯಿ ಬರಿದೆಂದು ಬೆಸುಗೆಗೆ ಒಡ್ಡಿದರೆ, ಒಳಗುಳಿದ ಆವಿಯೇ ಅದನ್ನು ಬಾಂಬಾಗಿಸುತ್ತದೆ.

ಇದೆಲ್ಲ ಅಂಗಡಿಯವರ ಪಾಡೆಂದು ವಾಚಕರು ಪುಟ ತಿರುವಬಾರದು. ಬೇಗ ಆಗಲಿ ಎಂದು ಅವಸರಪಡಿಸುವವರು ಗಿರಾಕಿಗಳಾದ ನಾವೇ. ಮುಂದಿನ ಸಲ ಗೇಟು ಹೊತ್ತು ಹೋದಾಗ, ಬೆರಗಿನಿಂದ ನೋಡುತ್ತ ನಿಂತ ಮಕ್ಕಳನ್ನು ಮೊದಲು ದೂರ ಕಳುಹಿಸಿರಿ. ಬಳಿಕ, ಸರಳು ಹಿಡಿದ ಹುಡುಗನ ಪರದೆ ಎಲ್ಲಿ ಎಂದು ಒಂದು ಮಾತು ಕೇಳಿರಿ. ಅದನ್ನು ಅವನಿಗೆ ಕೊಡುವವರೆಗೆ ಗೇಟು ಕಾದರೂ ಚಿಂತೆಯಿಲ್ಲ.